ನಾಯಕಿ ಇಲ್ಲದ ಪ್ರೇಮಕಥೆ

ಅಮೆರಿಕದ ಕ್ಲಿಯರ್ ಲೇಕ್‌ನಲ್ಲಿ ನಾವು ಭಾರತೀಯರೆಲ್ಲ ಸೇರಿ ಮಾಡುವ ದೀಪಾವಳಿಗೆ ಒಂದು ವರ್ಷ ಹಿಂದಿ ಸಿನಿಮಾ ಥರದ್ದೇ ಒಂದು ಪ್ರೇಮನಾಟಕ ಆಡುವುದೆಂದಾಯಿತು. ಬರೆದು ಆಡಿಸುವವರು ಧಾರವಾಡದ ಒಬ್ಬ ಮಕ್ಕಳ ಡಾಕ್ಟರು. ಹೀರೋ ನನ್ನ ಗಂಡನ ಸಹೋದ್ಯೋಗಿ. ಅವರಿಗೆ ನಲವತ್ತೆಂಟು, ನನಗೆ ನಲವತ್ಮೂರು.

ಡಾಕ್ಟರ ಗರಾಜಿನಲ್ಲಿ ಮೊದಲ ರಿಹರ್ಸಲ್. ನನ್ನ ಕೈಗೆ ಬಿಳಿ ಸೀರೆ ಕೊಟ್ಟು, "ನೀವು ಹೀರೋನ ತಾಯಿ ಆಗ್ರಿ" ಅಂದರು.

"ಅವರು ನನಗಿಂತ ಐದು ವರ್ಷ ದೊಡ್ಡವರು ಸಾರ್."

"ಅದಕ್ಕೇನ್ರಿ, ನಿಮ್ಮ ತಲಿಗೆ ಪೌಡರ್ ಹಚ್ಚೋಣು, ಅವರ ತಲಿಗೆ ಕರೀ ಬಣ್ಣ."

"ತಾಯಿ ಏನು ಮಾಡ್ತಾಳೆ?"

"ದಾರಿ ಕಾಯ್ತಾಳ್ರಿ. ಆಮ್ಯಾಲ ಕೆಮ್ಮತಾಳ."

"ಕೆಲಸಕ್ಕೆ ಹೋಗಲ್ವಾ?" ನಾನು ಇಪ್ಪತ್ತು ವರ್ಷದಿಂದ ಎಂಜಿನಿಯರ್.

"ಕೆಲಸಕ್ಕ ಹೋದ್ರ ಎಮೋಷನ್ ಬರಂಗಿಲ್ರಿ."

ನಾಯಕಿಯ ಪಾತ್ರಕ್ಕೆ ಎಂ.ಎಸ್. ಓದುತ್ತಿದ್ದ ಬೆಂಗಳೂರಿನ ಹುಡುಗಿ. ಅವಳು ಸ್ಕ್ರಿಪ್ಟನ್ನು ಎರಡು ಸಲ ತಿರುವಿ ಹಾಕಿದಳು. "ಅಂಕಲ್, ವಿಲನ್ನಿನ ನಾಯಿಗೂ ಹೆಸರಿದೆ. ನನಗಿಲ್ಲ."

"ಹೀರೋಯಿನ್ ಅಂತ ಬರದೇನಲ್ಲವಾ."

"ಎರಡನೇ ಸೀನಲ್ಲಿ ಹೀರೋ ಶಿಳ್ಳೆ ಹೊಡ್ಕೊಂಡು ನನ್ನ ಹಿಂದೆ ಬರ್ತಾರೆ, ನಾನು ಬೈತೀನಿ. ಮೂರನೇದರಲ್ಲಿ ಮದುವೆಗೆ ಒಪ್ಕೊಂಡಿದೀನಿ. ಯಾಕೆ?"

"ನಡುವ ಒಂದು ಹಾಡು ಐತಲ್ಲ" ಅಂದರು ಡಾಕ್ಟರು. ತಮಾಷೆಗಲ್ಲ, ನಿಜವಾಗಿಯೂ ನಂಬಿಕೊಂಡೇ.

ಮುಂದಿನ ಭಾನುವಾರ ಅವಳು ಬರಲಿಲ್ಲ. ಪಾತ್ರ ಬೇಡವೆಂದು ಮೆಸೇಜ್ ಕಳಿಸಿದ್ದಳು. ಡಾಕ್ಟರು ಯೋಚಿಸುತ್ತ ನನ್ನ ಕಡೆ ನೋಡಿದರು. ನನಗರಿವಿಲ್ಲದೆ ಕೈ ಕೂದಲಿಗೆ ಹೋಯಿತು.

"ನಿಮಗ ಯಾರಾದ್ರೂ ಸಣ್ಣ ಹುಡುಗ್ಯಾರು ಗೊತ್ತೇನ್ರಿ?" ಅಂತ ಕೇಳಿದರು.

ಯಾರೂ ಸಿಗಲಿಲ್ಲ. ಕೊನೆಗೆ ನಾಯಕಿಯನ್ನೇ ತೆಗೆದುಹಾಕಿದರು. ಸ್ಕ್ರಿಪ್ಟ್ ತಿದ್ದಲು ಕೂತವರು ಹತ್ತೇ ನಿಮಿಷದಲ್ಲಿ ಎದ್ದುಬಂದರು, ಹೆಚ್ಚೇನೂ ತಿದ್ದುವಂಥದ್ದು ಇರಲಿಲ್ಲವಂತೆ. ದೀಪಾವಳಿಯ ದಿನ ಹೀರೋ ಒಬ್ಬರೇ ರಟ್ಟಿನ ಮರ ಸುತ್ತಿ ಹಾಡಿದರು, ವಿಲನ್ನಿಗೆ ಹೊಡೆದರು, ನನ್ನ ಕಾಲಿಗೆ ಬಿದ್ದರು. ನಾಯಕಿ ಎಲ್ಲಿ ಅಂತ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ.

ನಾನು ಕೆಮ್ಮಿ ಪ್ರಾಣ ಬಿಟ್ಟಾಗ ಮಾತ್ರ ಸಭಾಂಗಣದ ತುಂಬ ಚಪ್ಪಾಳೆ. ಆ ಹುಡುಗಿಯೂ ಬಂದಿದ್ದಳು. ಊಟದ ಸಾಲಿನಲ್ಲಿ ನಿಂತು, "ಆಂಟಿ, ನೀವು ಹೇಗೆ ಒಪ್ಕೊಂಡ್ರಿ?" ಅಂತ ಮೆಲ್ಲಗೆ ಕೇಳಿದಳು.

ಕಾರಿನಲ್ಲಿ ಗಂಡನಿಗೆ, "ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ತಿದ್ರು, ನೋಡಿದ್ರಾ?" ಅಂದೆ. ಹೇಳುವಾಗ ಖುಷಿಯೇ ಆಗುತ್ತಿತ್ತು. ನಾಚಿಕೆಯಾದದ್ದು ಅದಕ್ಕೇ.