ಹಿಂದಿರುಗಬಾರದ ಕಾಗೆ

ಅರಬ್ಬರ ನಾಡಿನ ಸುಹಾರ್ ಬಂದರಿಗೆ ಬಂದು ನೆಲೆಸಿದ ಹೊಸತರಲ್ಲಿ ನಾನು ಖಲ್ಫಾನನನ್ನು ಕಣಿ ಹೇಳುವವನೆಂದೇ ತಿಳಿದಿದ್ದೆ. ಹೆಗಲ ಮೇಲೆ ಕಾಗೆ ಕೂರಿಸಿಕೊಂಡು ದಿನವೆಲ್ಲ ಸಮುದ್ರವನ್ನೇ ನೋಡುತ್ತ ಕೂರುವವನು ಇನ್ನೇನು ತಾನೇ ಆಗಿದ್ದಾನು? ಗಂಭೀರವಾಗಿ ಎದುರು ಕೂತು ಅಂಗೈ ಚಾಚಿದೆ. ಅವನು ಬಾಯಲ್ಲಿದ್ದ ಖರ್ಜೂರದ ಬೀಜವನ್ನು ಅದರ ಮೇಲಿಟ್ಟು, ಎಸೆದು ಬಾ ಎಂಬಂತೆ ಕಸದ ಗುಡ್ಡೆಯ ಕಡೆ ಗಲ್ಲ ತಿರುವಿದ. ಅದರಲ್ಲೇನೋ ಗೂಢಾರ್ಥವಿದೆಯೆಂದು ನಾನು ಆ ಬೀಜವನ್ನು ಬಹಳ ಕಾಲ ಜೋಪಾನ ಮಾಡಿದ್ದೆ.

ಖಲ್ಫಾನನ ಕಸುಬೇ ಬೇರೆ. ಮೆಣಸು ತರಲು ಮಲಬಾರಿಗೆ ಹೋಗುವ ಹಡಗುಗಳಲ್ಲಿ ಅವನು ಕಾಗೆ ನೋಡಿಕೊಳ್ಳುವವನು. ದಿಕ್ಕು ತಪ್ಪಿದಾಗ ಪಂಜರ ತೆರೆದು ಒಂದು ಕಾಗೆಯನ್ನು ಹಾರಿಬಿಡುತ್ತಾರೆ. ಅದು ಮೇಲೇರಿ ಸುತ್ತ ನೋಡುತ್ತದೆ. ನೆಲ ಕಂಡರೆ ಆ ಕಡೆ ಹೊರಟುಬಿಡುತ್ತದೆ. ಹಡಗು ಅದರ ಬೆನ್ನು ಹಿಡಿಯುತ್ತದೆ. ಕಾಣದಿದ್ದರೆ ಬೇರೆ ಗತಿಯಿಲ್ಲದೆ ಹಡಗಿಗೇ ಮರಳುತ್ತದೆ. ಅಂದರೆ ಸಾಕಿದ ಹಕ್ಕಿ ವಾಪಸು ಬಾರದ ದಿನ ಹಡಗಿಗೆಲ್ಲ ಹಬ್ಬ; ಸಾಕಿದವನು ಒಂದು ಕಡೆ ಕೂತು ಖಾಲಿ ಪಂಜರ ತೊಳೆಯುತ್ತಾನೆ. ಮಗನ ಹೆಸರು ಹಿಡಿದು ಅಪ್ಪನನ್ನು ಕರೆಯುವ ಊರು ಅದು. ಮಕ್ಕಳಿಲ್ಲದ ಖಲ್ಫಾನನನ್ನು ಎಲ್ಲರೂ ‘ಕಾಗೆಯಪ್ಪ’ ಎನ್ನುತ್ತಿದ್ದರು. ಅವನೂ ಓಗೊಡುತ್ತಿದ್ದ.

ಒಂದು ವರ್ಷ ಕೊಲ್ಲಂನಿಂದ ಮೆಣಸು ತುಂಬಿಕೊಂಡು ಮರಳುವಾಗ ಗಾಳಿ ನಿಂತುಹೋಯಿತು. ಆಕಾಶಕ್ಕೆ ಮಸುಕು ಕವಿದು ನಕ್ಷತ್ರಗಳೂ ಮರೆಯಾದವು. ಸಮುದ್ರ ಕೆನೆಗಟ್ಟಿದ ಹಾಲಿನಂತೆ ಅಲುಗದೆ ಬಿದ್ದಿತ್ತು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಮೊದಲಾಗುತ್ತದೆಂದು ತಿಳಿಯದ ಆ ಬಿಳುಪಿನಲ್ಲಿ, ತೆಂಗಿನ ಹುರಿಯಿಂದ ಹೊಲಿದ ಹಡಗು ಯಾರದೋ ಕನಸಿನಲ್ಲಿ ಮರೆತುಹೋದ ಸಾಮಾನಿನ ಹಾಗೆ ನಿಂತಿತ್ತು. ಮೂಟೆಗಳಿಂದ ಮೆಣಸಿನ ಬಿಸಿ ಘಾಟು ಏಳುತ್ತಿತ್ತು. ಅವುಗಳ ಮೇಲೆ ಮಲಗಿದವರಿಗೆ ಬೀಳುವ ಕನಸುಗಳಿಗೂ ಖಾರ. ಒಬ್ಬ ನಾವಿಕ, ತನ್ನ ಹೆಂಡತಿ ನೀರಿನ ಮೇಲೆ ನಡೆದು ಬಂದು ಮಜ್ಜಿಗೆ ಕೊಟ್ಟಳೆಂದ. ಪಕ್ಕದವನು, ನನಗೂ ಕೊಟ್ಟಳು ಎಂದ. ಜಗಳವಾಗಬೇಕಿತ್ತು, ಜಗಳಕ್ಕೆ ಬೇಕಾದಷ್ಟು ಪಸೆ ಇಬ್ಬರ ಬಾಯಲ್ಲೂ ಇರಲಿಲ್ಲ. ತೊಟ್ಟಿಯ ತಳದಲ್ಲಿ ಉಳಿದ ನೀರು ಹಸಿರಾಗಿ ನಾರುತ್ತಿತ್ತು. ಅದನ್ನೇ ತೆಂಗಿನ ಚಿಪ್ಪಿನಲ್ಲಿ ಅಳೆದು ಕೊಡುತ್ತಿದ್ದರು.

ಮೆಣಸಿನ ಒಡೆಯ ಅಬೂ ಗಸ್ಸಾನ್ ಮಾತ್ರ ಮೂಟೆಗಳ ಮೇಲೆ ಗಂಬಳಿ ಹಾಸಿ, ದರ್ಬಾರು ನಡೆಸುವವನಂತೆ ಕೂತು, ಮುಂಡಾಸನ್ನು ಬಿಚ್ಚಿ ಬಿಚ್ಚಿ ಹೊಸದಾಗಿ ಸುತ್ತಿಕೊಳ್ಳುತ್ತಿದ್ದ. ಅಡಿಗೆಯವನು ತನಗೆ ಕೊನೆಯಲ್ಲಿ ಬಡಿಸಿದ್ದರಿಂದಲೇ ಗಾಳಿ ಮುನಿಸಿಕೊಂಡಿದೆ ಎಂಬುದು ಅವನ ಖಚಿತ ಅಭಿಪ್ರಾಯ.

ಹಡಗಿನ ಯಜಮಾನ ನಾಖುದಾ ಮುಹನ್ನಾ ಬೇರೆ ರೀತಿ ಯೋಚಿಸಿದ. ದಡ ಹತ್ತಿರವಿದ್ದರೆ ಚಿಕ್ಕ ದೋಣಿ ಇಳಿಸಿ, ಹಗ್ಗ ಕಟ್ಟಿ, ಹುಟ್ಟು ಹಾಕಿ ಹಡಗನ್ನು ಎಳೆಯಬಹುದು. ಇಲ್ಲದಿದ್ದರೆ ಆ ದುಡಿಮೆಯಲ್ಲಿ ಇರುವ ನೀರೂ ಮುಗಿದು ಎಲ್ಲರೂ ಸಾಯಬೇಕು. ಅದಕ್ಕಿಂತ ಮಲಗಿ ಗಾಳಿಗೆ ಕಾಯುವುದು ವಾಸಿ. ಯಾವುದೆಂದು ಕಾಗೆ ಹೇಳಬೇಕು. ಪಂಜರದಲ್ಲಿ ಉಳಿದಿದ್ದುದು ಒಂದೇ. ಗೂಡಿನಿಂದ ಬಿದ್ದ ಮರಿಯನ್ನು ಖಲ್ಫಾನ್ ಅಂಗಿಯೊಳಗೆ ಬೆಚ್ಚಗಿಟ್ಟು ಸಾಕಿ ಜಬೀಬಾ ಎಂದು ಹೆಸರಿಟ್ಟಿದ್ದ.

ಬೆಳಗ್ಗೆ ಜಬೀಬಾ ಮೇಲೇರಿ, ಚುಕ್ಕೆಯಾಗಿ, ಬಿಳುಪಿನಲ್ಲಿ ಕರಗಿತು. ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ತಿರುಗಿ ಬಂದು ಖಲ್ಫಾನನ ಹೆಗಲೇರಿ ಕಿವಿ ಜಗ್ಗಿತು. ದೋಣಿಯ ಹಗ್ಗ ಹಿಡಿದಿದ್ದವರು ಕೈಬಿಟ್ಟು ಮಲಗಿದರು.

ಖಲ್ಫಾನನಿಗೆ ಮಾತ್ರ ಮಲಗಲಾಗಲಿಲ್ಲ. ಹಾರಿಬಿಡುವ ಕಾಗೆಗೆ ಹಿಂದಿನ ದಿನದಿಂದ ಏನೂ ತಿನ್ನಿಸಬಾರದು. ಹಸಿದರೆ ಮಾತ್ರ ಅದು ದೂರದ ದಡ ಹುಡುಕುತ್ತದೆ. ಅವನೋ ತನ್ನ ಪಾಲಿನ ನೀರಿನಲ್ಲಿ ಖರ್ಜೂರ ನೆನೆಸಿ, ಯಾರೂ ಏಳುವ ಮೊದಲೇ ಜಬೀಬಾಗೆ ತಿನ್ನಿಸಿದ್ದ. ಸುಮ್ಮನಿದ್ದರೆ ಕಾಗೆ ತನ್ನದೇ. ಹಾಯಿಯ ನೆರಳಿನಲ್ಲಿ ಕಣ್ಣು ಮುಚ್ಚಿದ. ಸುಹಾರಿನ ತನ್ನ ಮನೆಯ ಮಾಳಿಗೆ ಕಂಡಿತು, ಗೋಡೆಯ ಅಂಚಿನಲ್ಲಿ ಜಬೀಬಾ ಕಂಡಿತು, ಮೂಲೆಯಲ್ಲಿ ನೀರಿನ ಹೂಜಿ ಕಂಡಿತು. ಹೂಜಿಯನ್ನು ಬಗ್ಗಿಸಿದ, ಇನ್ನೂ ಬಗ್ಗಿಸಿದ, ತಲೆಕೆಳಗು ಮಾಡಿದ. ಹನಿಯೂ ಬೀಳಲಿಲ್ಲ. ಎದ್ದವನೇ ನಾಖುದಾನ ಬಳಿ ಹೋದ.

“ನಾಖುದಾ, ಕಾಗೆ ಮಾತು ನಂಬಬೇಡಿ. ಹೊಟ್ಟೆ ತುಂಬ ತಿನ್ಸಿ ಬಿಟ್ಟಿದ್ದೆ.”

“ಯಾಕೋ?”

“ವಾಪಸ್ ಬರ್ಲಿ ಅಂತ.”

ಅಬೂ ಗಸ್ಸಾನ್ ಅರ್ಧ ಸುತ್ತಿದ ಮುಂಡಾಸಿನಲ್ಲೇ ಎದ್ದು ನಿಂತ. ಇಂಥ ದ್ರೋಹವನ್ನು ಸುಹಾರಿನ ಅಮೀರರ ಮುಂದಿಟ್ಟು, ಇವನ ಚರ್ಮ ಸುಲಿಸುವ ತನಕ ತಾನು ಕೂರುವುದಿಲ್ಲವೆಂದು ಸಾರಿದ.

“ಹೋಗಿ ಹೇಳ್ಬಿಟ್ಟು ಬನ್ನಿ, ಶೇಖ್,” ಎಂದ ನಾಖುದಾ. “ನಾವು ಇಲ್ಲೇ ಇರ್ತೀವಿ. ಎಲ್ಲೂ ಹೋಗಲ್ಲ.”

ಮಲಗಿದ್ದವರು ಒಣಗಿದ ತುಟಿ ಒಡೆಯುವ ಹಾಗೆ ನಕ್ಕರು. ಒಬ್ಬ ಕಣ್ಣು ತೆರೆಯದೆಯೇ, “ಕಾಗೆಯಪ್ಪ, ಮಗಳನ್ನ ಗಂಡನ ಮನೆಗೆ ಕಳ್ಸೋಕೆ ಇಷ್ಟು ಗೋಳಾ?” ಎಂದ. ಅಬೂ ಗಸ್ಸಾನ್ ಕೂತ.

ನಾಖುದಾ ಪಂಜರವನ್ನು ತನ್ನ ಕಾಲ ಬಳಿಯೇ ಇರಿಸಿಕೊಂಡ. ದಿನವೆಲ್ಲ ಜಬೀಬಾ ಅದರೊಳಗಿನಿಂದ ಖಲ್ಫಾನನಿಗೆ ಬಾಯಿಗೆ ಬಂದಂತೆ ಬೈಯುತ್ತಿತ್ತು. ಅವನು ಬೆನ್ನು ತಿರುಗಿಸಿ ಕೂತು, ಇನ್ನು ಸ್ವಲ್ಪ ತಡಿ, ಸ್ವಲ್ಪ ತಡಿ ಎಂದು ಗೊಣಗುತ್ತಿದ್ದ. ಅವನೂ ಏನೂ ತಿನ್ನಲಿಲ್ಲ. ತಿನ್ನು ಎಂದು ಯಾರೂ ಹೇಳಲೂ ಇಲ್ಲ.

ಮರುದಿನ ಬೆಳಕು ಹರಿಯುವಾಗ ಅವನ ಕೈಯಿಂದಲೇ ಬಿಡಿಸಿದರು. ಜಬೀಬಾ ಹಾಯಿಕಂಬದ ಸುತ್ತ ಹಾರಿತು. ಆಮೇಲೆ, ಬಿಳುಪು ಎಲ್ಲಿ ತುಸು ಹಳದಿಗೆ ತಿರುಗಿತ್ತೋ ಆ ಕಡೆಗೆ ನೇರವಾಗಿ ಹೊರಟುಹೋಯಿತು. ಕಾದರು. ಬರಲಿಲ್ಲ. ಮತ್ತೂ ಕಾದರು. ಒಬ್ಬ ಮೆಲ್ಲನೆ ದೇವರ ಹೆಸರೆತ್ತಿದ. ಉಳಿದವರು ದನಿಗೂಡಿಸುವ ಹೊತ್ತಿಗೆ ದೋಣಿ ನೀರಿಗಿಳಿದಿತ್ತು. ಖಲ್ಫಾನನೂ ಹುಟ್ಟು ಹಿಡಿದ. ಹುಟ್ಟು ಹಾಕುವವನ ಬೆನ್ನು ಹೋಗುವ ದಿಕ್ಕಿಗಿರುತ್ತದೆ. ಕಾಗೆ ಹೋದ ದಾರಿ ಅವನಿಗೆ ಕಾಣುವಂತಿರಲಿಲ್ಲ. ಕಾಣುತ್ತಿದ್ದುದು ಹಡಗಿನ ಮೂತಿಯ ಮೇಲಿದ್ದ ಖಾಲಿ ಪಂಜರ. ಅದನ್ನೇ ನೋಡುತ್ತ ಎಳೆದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೊದಲು ಆಡಿನ ಹಿಕ್ಕೆಯ ವಾಸನೆ ಬಂತು, ಆಮೇಲೆ ಬೂದು ಬೆಟ್ಟ, ಆಮೇಲೆ ಬೆಸ್ತರ ನಾಲ್ಕಾರು ಗುಡಿಸಲು, ಒಂದು ಬಾವಿ. ಅಬೂ ಗಸ್ಸಾನ್ ತನ್ನ ಅಂತಸ್ತಿಗೆ ತಕ್ಕಂತೆ ಎಲ್ಲರಿಗಿಂತ ಮೊದಲು ಕುಡಿದ, ತಲೆಯ ಮೇಲೂ ಸುರಿದುಕೊಂಡ. ಒದ್ದೆ ಮುಂಡಾಸಿನ ಕೆಳಗೆ ಅವನ ಮನಸ್ಸು ಮೃದುವಾಯಿತು. ಊರಿಗೆ ಹೋಗಿ ಹೇಳಲು ಒಂದು ಒಳ್ಳೆಯ ಮಾತು ಸಿಕ್ಕೀತೆಂದು, ಕೊಡವನ್ನು ಎದೆಗೊತ್ತಿಕೊಂಡೇ ಖಲ್ಫಾನನ ಕಡೆ ತಿರುಗಿದ.

“ಕಾಗೆಯಪ್ಪ, ಅದು ತಿರುಗಿ ಬರಲ್ಲ ಅಂತ ಗೊತ್ತಾಯ್ತಲ್ಲ, ಆ ಗಳಿಗೇಲಿ ನಿನ್ನ ಎದೆಯೊಳಗೆ ಏನಾಯ್ತು?”

“ಬಾಯಾರಿತ್ತು,” ಎಂದ ಖಲ್ಫಾನ್. “ಕೊಡ ಇತ್ಲಾಗ್ ಕೊಡಿ.”