ಇದು ಮೊದಲ ಮುದ್ರಣ ಅಲ್ರಿ, ಮೇಡಂ

"ಅಕ್ಕಾ, ಕೈ ತೊಳ್ಕಂಡು ಚೆನ್ನಾಗಿ ಒರೆಸ್ಕಳ್ಳಿ. ಒದ್ದೆ ಕೈಯಾಗೆ ಮುಟ್ಟಿದ್ರೆ ಅಮ್ಮ ನನ್ನ ಬೈತಾಳೆ."

ಊಟಕ್ಕೆ ಕರೆದರು ಅಂದುಕೊಂಡಿರಾ? ಅಲ್ಲ. ಒಂದು ಪುಸ್ತಕ ನೋಡಲು!

ಹೋದ ಭಾನುವಾರ ರಾಯದುರ್ಗದಿಂದ ಮಡಕಶಿರಾಕ್ಕೆ ಹೋಗಿದ್ದೆ. ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಸರೋಜಮ್ಮ ಮೇಡಂ ಅಲ್ಲಿ ಮಗಳು ಲಲಿತಾಳ ಮನೆಯಲ್ಲಿದ್ದಾರೆ. ಟವೆಲ್ ಹಿಡಿದು ನಿಂತಿದ್ದವಳು ಅವಳೇ. (ಮದುವೆಯಾಗಿ ಬಂದ ಮೇಲೆ ಅವಳ ಮಾತು ಪೂರಾ ಮಡಕಶಿರಾದ್ದು. ಮೇಡಂ ನಾಲಿಗೆ ಮಾತ್ರ ಇನ್ನೂ ರಾಯದುರ್ಗ ಬಿಟ್ಟಿಲ್ಲ.)

ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಭಯದ ಕಾದಂಬರಿಗಳು. ಪಾಳು ಬಂಗಲೆ, ಬೀಗ ಹಾಕಿದ ಕೋಣೆ, ಮೆಟ್ಟಿಲ ಮೇಲೆ ಯಾರದೋ ಸದ್ದು. ಗಾಥಿಕ್ ಅನ್ನುತ್ತಾರೆ. ಆ ಹುಚ್ಚು ಹಿಡಿಸಿದವರೂ ಮೇಡಮ್ಮೇ. ಅವರು ಕ್ಲಾಸಿನಲ್ಲಿ ದೆವ್ವದ ಕಥೆ ಓದಿದರೆ ರಾಯದುರ್ಗದ ಬಿಸಿಲಿನಲ್ಲೂ ಮೈ ತಣ್ಣಗಾಗುತ್ತಿತ್ತು.

ಅಂಥದ್ದೇ ಒಂದು ಕಾದಂಬರಿಯನ್ನು ಅವರ ಯಜಮಾನರು ಬಹಳ ಹಿಂದೆ ಬಳ್ಳಾರಿ ಕಂಟೋನ್ಮೆಂಟಿನ ಹಳೆ ಸಾಮಾನಿನ ಅಂಗಡಿಯಿಂದ ತಂದಿದ್ದರಂತೆ. "ಫಸ್ಟ್ ಎಡಿಷನ್, ಯಾರೂ ಮುಟ್ಟಬ್ಯಾಡ್ರಿ" ಎಂದು ಬೀರುವಿನಲ್ಲಿಟ್ಟರು. ಈಗ ಅವರಿಲ್ಲ. ಅವರ ಹೆಸರಿನಲ್ಲಿ ಅದನ್ನು ಕಾಲೇಜು ಲೈಬ್ರರಿಗೆ ಕೊಡಬೇಕೆಂದು ಮೇಡಂ ಆಸೆ.

"ಕೊಡೋಕಿಂತ ಮೊದ್ಲ ನೀ ಒಮ್ಮೆ ನೋಡವ್ವಾ. ಅವರ ಹೆಸರಿನ ಮ್ಯಾಲೆ ಸುಳ್ಳು ಹೋಗಬಾರ್ದು" ಎಂದು ಫೋನಿನಲ್ಲಿ ಹೇಳಿದ್ದರು.

ಸುತ್ತಿದ್ದ ಬಿಳಿ ಬಟ್ಟೆ ಬಿಚ್ಚಿದೆ. ಒಣಗಿದ ಬೇವಿನೆಲೆ ಉದುರಿತು. ಕಡುಹಸಿರು ರಟ್ಟು, ಹೊಳೆಯುವ ಅಕ್ಷರ. ಒಂದೇ ಒಂದು ಹುಳುವಿನ ತೂತಿಲ್ಲ!

ಶೀರ್ಷಿಕೆಯ ಪುಟದಲ್ಲಿ ಇಸವಿ ಇತ್ತು. ಎರಡನೇ ಮುದ್ರಣ ಎಂದು ಎಲ್ಲೂ ಇರಲಿಲ್ಲ. ಯಜಮಾನರು ನಂಬಿದ್ದು ಅದನ್ನೇ. ಆದರೆ ಕೊನೆಯ ಹಾಳೆಯಲ್ಲಿ ಪ್ರಕಾಶಕರ ಜಾಹೀರಾತು, ಅದರಲ್ಲಿ ಇದೇ ಕಾದಂಬರಿಯನ್ನು ಪತ್ರಿಕೆಗಳು ಹೊಗಳಿದ ಸಾಲುಗಳು. ಪುಸ್ತಕ ಬರುವ ಮೊದಲೇ ವಿಮರ್ಶೆ ಬರುವುದುಂಟೆ? (ಮೊದಲ ಮುದ್ರಣದಲ್ಲೇ ಮಿಕ್ಕ ಪ್ರತಿಗಳಿಗೆ ಆಮೇಲೆ ರಟ್ಟು ಹಾಕುವಾಗ ಹೊಸ ಜಾಹೀರಾತು ಸೇರಿಸುತ್ತಿದ್ದದ್ದೂ ಉಂಟು. ಹಾಗಾಗಿ ಅದೊಂದೇ ಸಾಲದು.) ಮೊಬೈಲಿನಲ್ಲಿ ವಿದೇಶದ ಲೈಬ್ರರಿಯೊಂದರ ಫೋಟೊ ಹುಡುಕಿದೆ. ಮೊದಲ ಮುದ್ರಣ ಮೂರು ಸಂಪುಟಗಳಲ್ಲಿ ಬಂದಿತ್ತು. ನನ್ನ ಕೈಯಲ್ಲಿದ್ದದ್ದು ಆಮೇಲೆ ಬಂದ, ಒಂದೇ ಸಂಪುಟದ ಅಗ್ಗದ ಮುದ್ರಣ.

ಇದನ್ನು ಹೇಳುವುದು ಹೇಗೆ? ಅವರು ನನ್ನ ಮುಖವನ್ನೇ ನೋಡುತ್ತಿದ್ದಾರೆ. ಓದಲು ಕಲಿಸಿದವರ ಮುಂದೆ ಓದಿದ್ದನ್ನು ಮುಚ್ಚಿಡುವುದಾದರೂ ಹೇಗೆ?

"ಇದು ಮೊದಲ ಮುದ್ರಣ ಅಲ್ರಿ, ಮೇಡಂ."

ಲಲಿತಾ ತಲೆ ತಗ್ಗಿಸಿದಳು. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ತುಂಬ ಹೊತ್ತು ಒರೆಸಿದರು.

"ಹೌದೇನು? ಹಂಗಾದ್ರ... ಇದನ್ನ ಓದಬಹುದೇನು?"

"ನೀವು ಓದೇ ಇಲ್ಲೇನ್ರಿ?"

"ಎಲ್ಲಿ ಓದ್ಲಿ? ಹಾಳಿ ಕೂಡಿಕೊಂಡಾವು ನೋಡು. ಬಿಡಿಸಿದ್ರ ಕಿಮ್ಮತ್ತು ಹೋಗ್ತೈತಿ ಅಂತಿದ್ರು. ಇಂಗ್ಲಿಷ್ ಟೀಚರ್ ನಾನು, ಮನ್ಯಾಗಿನ ಕಾದಂಬರಿ ಬರೇ ನೋಡಿಕೊಂತ ಕುಂತೀನಿ!"

ಆ ಕಾಲದಲ್ಲಿ ಎಷ್ಟೋ ಪುಸ್ತಕಗಳ ಹಾಳೆಗಳು ಅಂಚಿನ ಮಡಿಕೆಯಲ್ಲಿ ಕೂಡಿಕೊಂಡಂತೆಯೇ ಮಾರಾಟವಾಗುತ್ತಿದ್ದವು. ಓದುವವರೇ ಕೊಯ್ದುಕೊಳ್ಳಬೇಕು. ಅಂದರೆ ಇದನ್ನು ಅಚ್ಚಾದಂದಿನಿಂದ ಒಬ್ಬರೂ ಓದಿಲ್ಲ!

ಲಲಿತಾ ಅಡುಗೆಮನೆಯಿಂದ ಮೊಂಡು ಚಾಕು ತಂದಳು. ಮೊದಲ ಮಡಿಕೆಯನ್ನು ಮೇಡಮ್ಮೇ ಕೊಯ್ದರು. ಮಿಕ್ಕವನ್ನು ನಾನು. ಅವರು ಜೋರಾಗಿ ಓದತೊಡಗಿದರು, ಅದೇ ಹಳೆಯ ದನಿಯಲ್ಲಿ. ನಡುವೆ ನಿಲ್ಲಿಸಿ ಗೋಡೆಯ ಮೇಲಿನ ಯಜಮಾನರ ಫೋಟೊ ನೋಡಿದರು.

"ತಪ್ಪು ತಿಳ್ಕೊಂಡ್ರೂ ಎಷ್ಟು ಚಂದ ಕಾಯ್ದಾರ ನೋಡವ್ವಾ. ಇಲ್ಲಾಂದ್ರ ಯಾವಾಗೋ ಗೆದ್ದಲ ತಿಂತಿತ್ತು. ನನಗಂತನ ಇಟ್ಟಂಗಾತು."

ಆಮೇಲೆ ನನ್ನ ಕೈ ಹಿಡಿದು, "ಖರೇ ಹೇಳಿದಿ, ಚಲೋ ಮಾಡಿದಿ" ಅಂದರು. ಸುಳ್ಳಾಗಿದ್ದರೆ ಹೇಗೆ ಹೇಳಲಿ ಎಂದು ಬಸ್ಸಿನಲ್ಲಿ ಹೆದರುತ್ತಾ ಬಂದವಳಿಗೆ ಇದಕ್ಕಿಂತ ಬೇರೆ ಉಡುಗೊರೆ ಬೇಕೆ? ತಮಗೆ ಓದು ಕೊಟ್ಟವರಿಗೆ ಒಂದು ಓದನ್ನು ತಿರುಗಿ ಕೊಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ಹೊರಡುವಾಗ ಕೇಳಿದೆ, "ಲೈಬ್ರರಿಗೆ ಕೊಡೋದು ಏನ್ಮಾಡ್ತೀರಿ, ಮೇಡಂ?"

"ಕೊಡ್ತೀನಿ, ಕೊಡ್ತೀನಿ. ಮೊದ್ಲ ದೆವ್ವ ಯಾರಂತ ನನಗ ಗೊತ್ತಾಗ್ಲಿ!"