ಅಣ್ಣ ತಂದ ಸೈಕಲ್ಲು

ಕೋವಿಡ್ ಗಲಾಟೆ ಮುಗಿದ ಮರುವರ್ಷ. ಆಗ ನಾನು ಕೆ.ಆರ್. ಪೇಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದೆ. ಮನೆ ಪಾಂಡವಪುರದಲ್ಲಿ, ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲೇ ವಾಪಸು. ಅದಕ್ಕೂ ಮೊದಲು ಮೈಸೂರಿನ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ದುಡಿದಿದ್ದೆ. ಅಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಇಲ್ಲಿಗೆ ಬಂದ ಮೇಲೆ ನಾನು 'ಕರೆಂಟ್ ಮೇಡಮ್ಮು' ಆದೆ. ಮಂಡಿ ನೋವಿಗೆ, ಸೊಂಟ ನೋವಿಗೆ ನಾವು ಕೊಡುವ ಸಣ್ಣ ವಿದ್ಯುತ್ ಚಿಕಿತ್ಸೆಯನ್ನು ಈ ಕಡೆ 'ಕರೆಂಟ್ ಕೊಡೋದು' ಅನ್ನುತ್ತಾರೆ. ವ್ಯಾಯಾಮ ಹೇಳಿಕೊಟ್ಟರೆ ಮುಖ ಸಣ್ಣದು ಮಾಡಿಕೊಳ್ಳುವವರು, ಕರೆಂಟ್ ಕೊಟ್ಟರೆ ಹಿಗ್ಗಿ ಹೋಗುತ್ತಾರೆ. ತಾವು ಮಲಗಿರಬೇಕು, ಮಿಷನ್ನು ಕೆಲಸ ಮಾಡಬೇಕು. ಈ ಆಸೆಯ ಜೊತೆ ಗುದ್ದಾಡುವುದರಲ್ಲೇ ನನ್ನ ವೃತ್ತಿಯ ಅರ್ಧ ಭಾಗ ಕಳೆಯಿತು.

'ಮನೇಲಿ ಎಕ್ಸರ್‌ಸೈಜ್ ಮಾಡಕ್ಕೆ ಕಮ್ಮಿ ರೇಟಲ್ಲಿ ಯಾವ ಮಿಷನ್ ತರೋದು ಮೇಡಂ' ಎಂದು ದಿನಕ್ಕೆ ಒಬ್ಬರಾದರೂ ಕೇಳುತ್ತಿದ್ದರು. ಟ್ರೆಡ್‌ಮಿಲ್ ತಂದು ಅದರ ಮೇಲೆ ಬಟ್ಟೆ ಒಣಹಾಕಿದ ಮನೆಗಳನ್ನು ಸಾಕಷ್ಟು ಕಂಡವಳು ನಾನು. ಹಾಗಾಗಿ ನನ್ನ ಉತ್ತರ ಸಿದ್ಧವಾಗಿರುತ್ತಿತ್ತು. ನಿಮಗೆ ಯಾವ ಕೆಲಸ ಮತ್ತೆ ಮಾಡಲು ಬರಬೇಕು, ಅದನ್ನು ಹೇಳಿ. ಸಾಮಾನಿನ ಮಾತು ಆಮೇಲೆ. ಇಷ್ಟು ಕೇಳಿದರೆ ಸಾಕು, ಉಳಿದದ್ದು ತಾನಾಗಿ ಗೊತ್ತಾಗುತ್ತದೆ ಅನ್ನುವ ಭರವಸೆ ನನಗಿತ್ತು. ಆ ಭರವಸೆಯನ್ನು ಅಲುಗಾಡಿಸಿದವರು ಕಿಕ್ಕೇರಿ ಹತ್ತಿರದ ಹಳ್ಳಿಯ ಜಯಮ್ಮ.

ಜಯಮ್ಮನಿಗೆ ಐವತ್ತೈದರ ಆಸುಪಾಸು. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮೈಸೂರಿನ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಮಗ ಮಾದೇವ ಆಕೆಯನ್ನು ಆಟೋದಲ್ಲಿ ನನ್ನ ಬಳಿ ಕರೆತಂದ. ಮಾತು ಸ್ವಲ್ಪ ತೊದಲುತ್ತಿತ್ತು, ಕಾಲು ಎಳೆಯುತ್ತಿತ್ತು. ಬಲಗೈ ಮಡಿಲಲ್ಲಿ ಬೇರೆಯವರದ್ದೇನೋ ಅನ್ನುವಂತೆ ಬಿದ್ದಿತ್ತು. ಆದರೆ ಬೆರಳುಗಳನ್ನು ಹಿಡಿದು 'ಅಮುಕಿ' ಅಂದಾಗ ಎಲ್ಲೋ ಒಳಗಿನಿಂದ ಒಂದು ಸಣ್ಣ ಎಳೆತ ಬಂತು. ನಮ್ಮ ವೃತ್ತಿಯಲ್ಲಿ ಆ ಎಳೆತ ಸಿಕ್ಕಿದರೆ ನಿಧಿ ಸಿಕ್ಕಿದ ಹಾಗೆ.

ಯಾವ ಕೆಲಸ ಮತ್ತೆ ಬರಬೇಕು ಎಂದು ಎಂದಿನಂತೆ ಕೇಳಿದೆ. ಜಯಮ್ಮ ಯೋಚಿಸಲೇ ಇಲ್ಲ.

'ಆಲು ಕರೀಬೇಕು ಕಣವ್ವ. ಕೆಂಪಿ ಯಾರಿಗೂ ಸೊರೆ ಬುಡಾಕಿಲ್ಲ. ನನ್ ಕೈಯೇ ಆಗ್ಬೇಕು ಅದ್ಕೆ.'

ಕೆಂಪಿ ಅವರ ಮನೆಯ ಸೀಮೆ ಹಸು. ಮಾದೇವ ಕರೆಯಲು ಹೋದರೆ ಒದೆಯುತ್ತಿತ್ತು, ಸೊಸೆ ಸವಿತ ಹೋದರೆ ಸೊರೆ ಬಿಡದೆ ಹಾಲು ಕೆಚ್ಚಲಲ್ಲೇ ಏರಿಸಿಕೊಳ್ಳುತ್ತಿತ್ತು. ಡೈರಿಗೆ ಹಾಕುವ ಹಾಲು ಅರ್ಧಕ್ಕಿಳಿದಿತ್ತು. ಇನ್ನೂ ಸ್ವಲ್ಪ ದಿನ ಹೀಗೇ ಆದರೆ ಹಸು ಮಾರಬೇಕು ಎಂದು ಮಾದೇವ ಮೆಲ್ಲಗೆ ನನಗೊಬ್ಬಳಿಗೇ ಹೇಳಿದ. ಸಾಮಾನು ಕೊಳ್ಳಲು ಅವನ ಹತ್ತಿರ ಉಳಿದಿದ್ದದ್ದು ಐದು ಸಾವಿರ ರೂಪಾಯಿ. ಮಿಕ್ಕದ್ದನ್ನು ಆಸ್ಪತ್ರೆ ತಿಂದಿತ್ತು. ಐದು ಸಾವಿರ ಧಾರಾಳವಾಯಿತು ಅಂದೆ. ನಿಜಕ್ಕೂ ಧಾರಾಳವಾಗಿತ್ತು.

ಆ ಭಾನುವಾರ ಕಿಕ್ಕೇರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಮಾದೇವನ ಬೈಕಿನಲ್ಲಿ ಅವರ ಮನೆ ತಲುಪಿದೆ. ಮೊದಲು ಮನೆ ನೋಡಬೇಕು. ಅರ್ಧ ಸಾಮಾನು ಮನೆಯಲ್ಲೇ ಇರುತ್ತದೆ. ಮಾದೇವ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ಬಾಗಿಲ ಮೇಲೆ ಹಗ್ಗದ ರಾಟೆ ಹಾಕಿಸುವ ಯೋಚನೆಯಲ್ಲಿದ್ದ. ಬೇಡ ಅಂದೆ. ಸೋತ ತೋಳನ್ನು ಹಗ್ಗದಲ್ಲಿ ಮೇಲಕ್ಕೆ ಜಗ್ಗಿದರೆ ಭುಜದ ಕೀಲು ಕೆಟ್ಟು, ಇರುವ ನೋವಿನ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ. ಅದರ ಬದಲು ಮೇಜಿನ ಮೇಲೆ ಟವೆಲ್ ಹಾಸಿ, ಎಡಗೈಯಿಂದ ಬಲಗೈಯನ್ನು ಮುಂದಕ್ಕೆ ಜಾರಿಸಲು ಹೇಳಿಕೊಟ್ಟೆ. ಬೇಸನ್ನಿನ ತುಂಬ ರಾಗಿ ಸುರಿದು, ಅದರಲ್ಲಿ ಕಡಲೆಕಾಯಿ ಹೂತಿಟ್ಟು ಹುಡುಕಿ ತೆಗೆಯುವ ಕೆಲಸ ಕೊಟ್ಟೆ. ಕುಳಿತು ಏಳುವ ಅಭ್ಯಾಸಕ್ಕೆ ಅಲುಗಾಡದ ಒಂದು ಮರದ ಸ್ಟೂಲು ಸಾಕಾಯಿತು. ಕೊಳ್ಳಲೇಬೇಕಾದದ್ದು ಒಂದೇ: ಪಡಸಾಲೆಯ ಗೋಡೆಗೆ ಹಿಡಿದು ನಡೆಯಲು ಉದ್ದನೆಯ ಜಿಐ ಪೈಪಿನ ಕಂಬಿ. ಕಿಕ್ಕೇರಿಯ ವೆಲ್ಡಿಂಗ್ ಅಂಗಡಿಯವನಿಗೆ ಹೇಳುವುದೆಂದು ತೀರ್ಮಾನವಾಯಿತು, ಅದಕ್ಕಾಗಿ ಹಣ ತೆಗೆದಿಟ್ಟರು.

ಕೊನೆಗೆ ನನ್ನ ಬ್ಯಾಗಿನಿಂದ ಒಂದು ರಬ್ಬರ್ ಗ್ಲೌಸು ತೆಗೆದೆ. ಡಾಕ್ಟರರು ಕೈಗೆ ಹಾಕಿಕೊಳ್ಳುವಂಥದ್ದು. ಅದಕ್ಕೆ ನೀರು ತುಂಬಿ, ಬಾಯಿ ಬಿಗಿದು, ಬೆರಳ ತುದಿಗಳಿಗೆ ಸೂಜಿಯಿಂದ ಚುಚ್ಚಿ, ಕಿಟಕಿಯ ಸರಳಿಗೆ ನೇತುಹಾಕಿದೆ. ಕೆಳಗೆ ಬಕೆಟ್ಟು. ಮುಂದೆ ಹಾಲು ಕರೆಯುವ ಮಣೆ. ಜಯಮ್ಮನನ್ನು ಅದರ ಮೇಲೆ ಕೂರಿಸಿ, ಸೋತ ಬೆರಳುಗಳನ್ನು ಗ್ಲೌಸಿನ ಬೆರಳಿನ ಸುತ್ತ ನಾನೇ ಮಡಿಸಿದೆ. ಮೊದಲು ಒಂದೆರಡು ಹನಿ ಬಿತ್ತು. ಆಮೇಲೆ ಸೊರ್ರೆಂದು ಸಣ್ಣದೊಂದು ಧಾರೆ ಬಕೆಟ್ಟಿಗೆ ಬಿತ್ತು. ಲಕ್ವ ಹೊಡೆದ ಮೇಲೆ ಅತ್ತೆ ನಕ್ಕಿದ್ದನ್ನು ಅವತ್ತೇ ಮೊದಲು ನೋಡಿದ್ದು ಎಂದು ಸವಿತ ಹೇಳಿದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಲಕ್ವ ಹೊಡೆದ ಮೊದಲ ಕೆಲವು ತಿಂಗಳು ಮಿದುಳು ಕಳೆದುಕೊಂಡದ್ದನ್ನು ಮತ್ತೆ ಕಲಿಯುವ ಹುರುಪಿನಲ್ಲಿರುತ್ತದೆ. ಆಗ ರೋಗಿ ತಾನೇ ಪ್ರಯತ್ನಪಟ್ಟು ಮಾಡುವ ಕೆಲಸಕ್ಕೆ, ಅಂದರೆ ನಾವು ಆಕ್ಟಿವ್ ಎಕ್ಸರ್‌ಸೈಜ್ ಅನ್ನುವುದಕ್ಕೆ, ಬೆಲೆ ಹೆಚ್ಚು. ಆಮೇಲೂ ಸುಧಾರಣೆ ಇಲ್ಲವೆಂದಲ್ಲ, ಆದರೆ ಅದು ನಿಧಾನ. ಜಯಮ್ಮ ಆ ಹುರುಪಿನ ತಿಂಗಳುಗಳಲ್ಲಿದ್ದರು. ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ಹೆಬ್ಬೆರಳು ತೋರುಬೆರಳಿಗೆ ತಾಗುವಷ್ಟಾಯಿತು. ಧಾರೆ ಸ್ವಲ್ಪ ದಪ್ಪವಾಯಿತು.

ಅಷ್ಟರಲ್ಲಿ ನೋಡಲು ಬರುವವರು ಶುರುವಾದರು. ನಮ್ಮ ಕಡೆ ಕಾಯಿಲೆಯವರನ್ನು ನೋಡಿಕೊಂಡು ಹೋಗದಿದ್ದರೆ ಅದೊಂದು ಮಾತಾಗುತ್ತದೆ. ಬ್ರೆಡ್ಡು, ಬಾಳೆಹಣ್ಣು ಹಿಡಿದು ನೆಂಟರೂ ಊರವರೂ ಬರುತ್ತಾರೆ, ಕಾಯಿಲೆಯವರು ಮಲಗಿರುವುದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಾರೆ. ಇಲ್ಲಿ ಬಂದವರಿಗೆ ಕಂಡದ್ದು, ಕಿಟಕಿಗೆ ಕಟ್ಟಿದ ರಬ್ಬರ್ ಕೈಯಿಂದ ನೀರು ಕರೆಯುತ್ತಿರುವ ಜಯಮ್ಮ. ಎದುರಿಗೆ ಯಾರೂ ಏನೂ ಅನ್ನಲಿಲ್ಲ. ಬಸ್ಸು ಹತ್ತಿದ ಮೇಲೆ ಅಂದರು. ಜಯಮ್ಮನಿಗೆ ಕೈಯಷ್ಟೇ ಅಲ್ಲ, ತಲೆಯೂ ಹೋಗಿದೆ ಎಂಬ ಸುದ್ದಿ ನಾಗಮಂಗಲ ದಾಟಿ ಆಕೆಯ ತವರಿಗೆ ಮುಟ್ಟಿತು.

ತವರು ಬೆಳ್ಳೂರಿನ ಕಡೆ. ಅಣ್ಣ ನಂಜೇಗೌಡರು ಅಲ್ಲಿ ಹೆದ್ದಾರಿ ಬದಿ ಸಣ್ಣದೊಂದು ಹೋಟೆಲ್ ಇಟ್ಟಿದ್ದರು. ಮುಂದಿನ ಭಾನುವಾರ ನಾನು ಹೋಗುವ ಹೊತ್ತಿಗೆ ಅವರು ಪಿಕಪ್ ಗಾಡಿಯಲ್ಲಿ ಬಂದಿಳಿದಾಗಿತ್ತು. ಪಡಸಾಲೆಯ ನಟ್ಟನಡುವೆ ಒಂದು ಹೊಸ ಸೈಕಲ್ ಮಿಷನ್ನು. ಅರಿಶಿನ ಕುಂಕುಮ ಇಟ್ಟು ಹೂವಿನ ಹಾರ ಹಾಕಿದ್ದರು. ಕುರ್ಚಿಯಲ್ಲಿ ಕೂತು ಪಾದಗಳಿಗೆ ಪಟ್ಟಿ ಕಟ್ಟಿಕೊಂಡರೆ ಮೋಟಾರೇ ಪೆಡಲ್ ತಿರುಗಿಸುತ್ತದೆ, ಪೆಡಲ್ ಜೊತೆ ಕಾಲೂ ತಿರುಗುತ್ತದೆ. ರಾಗಿ ಬೇಸನ್ನು ಅಡುಗೆಮನೆಗೆ ಹೋಗಿತ್ತು. ಕಿಟಕಿಯ ಸರಳು ಬರಿದಾಗಿತ್ತು.

ಇಂಥ ಸೈಕಲ್ಲು ಕೆಟ್ಟದ್ದೇನಲ್ಲ. ಹಾಸಿಗೆ ಹಿಡಿದವರ ಕಾಲು ಬಿಗಿಯದಂತೆ ನೋಡಿಕೊಳ್ಳುತ್ತದೆ. ಆದರೆ ಜಯಮ್ಮ ಆಗಲೇ ಹೆಜ್ಜೆ ಹಾಕುತ್ತಿದ್ದರು. ಮೇಲಾಗಿ, ಕಾಲಿನ ಮಿಷನ್ನು ಕೈಗೆ ಏನು ಮಾಡೀತು. ಇದನ್ನು ನಾನು ನಂಜೇಗೌಡರಿಗೆ ಆದಷ್ಟು ನಯವಾಗಿ ಹೇಳಿದೆ. ಅವರು ಗಟ್ಟಿ ಆಳು, ದನಿ ಏರಿಸಲಿಲ್ಲ.

'ಮೇಡಂ, ನೀವು ಓದಿದೋರು, ಸರಿಯಾಗೇ ಯೋಳ್ತಿದ್ದೀರ. ಆದ್ರೆ ನನ್ ತಂಗಿ ರಬ್ರಲ್ಲಿ ನೀರು ಕರೀತಾವ್ಳೆ ಅಂತ ನನ್ ಹೋಟ್ಲಲ್ಲೇ ಕುಂತ್ಕಂಡು ಜನ ಆಡ್ಕತಾವ್ರೆ. ಇವ್ಳಿಗೆ ತವರು ಅನ್ನೋದು ಸತ್ತೋಗದೆ ಅಂದ್ಕಳಾಕಿಲ್ವಾ?'

'ಗೌಡ್ರೇ, ಅದು ಆಟದ ಸಾಮಾನಲ್ಲ. ಅದರಿಂದಲೇ ಬೆರಳು ಬರ್ತಾ ಇದೆ, ನೀವೇ ನೋಡಿ.'

'ಬೆರಳು ಬರ್ಲಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ನಾನು ಬದುಕಿರೋಗಂಟ ನನ್ ತಂಗಿ ಇಂಗೆ ನಗೆಪಾಟಲಾಗ್ಬಾರ್ದು.'

ಮಾದೇವನತ್ತ ನೋಡಿದೆ. ಅವನು ನೆಲ ನೋಡುತ್ತಿದ್ದ. ಸೋದರಮಾವ ತಂದದ್ದನ್ನು ಬೇಡವೆನ್ನಲು ಅವನಿಗೆ ಬಾಯಿಲ್ಲ. ಆ ಹಳ್ಳಿಯಲ್ಲಿ ಹಗಲು ಕರೆಂಟು ಹೋಗಿ ಬಂದು ಮಾಡುತ್ತದೆ; ಮಾವನ ಮಿಷನ್ನು ಸುಮ್ಮನೆ ನಿಂತಿರಬಾರದೆಂದು ಅವನು ಯುಪಿಎಸ್ ಬ್ಯಾಟರಿಗೆ ಮುಂಗಡ ಕೊಟ್ಟುಬಂದಿದ್ದ. ಗೋಡೆಯ ಕಂಬಿಗೆಂದು ತೆಗೆದಿಟ್ಟಿದ್ದ ಹಣ ಅದು. ಇದ್ದ ಬಜೆಟ್ಟು ಹೀಗೆ ಮುಗಿಯಿತು. ಕರೆಂಟ್ ಮೇಡಮ್ಮಿಗೆ ಜನ್ಮದಲ್ಲಿ ಕರೆಂಟಿನ ಮೇಲೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಕೊನೆಯ ಆಸೆಯಾಗಿ ಜಯಮ್ಮನನ್ನೇ ಕೇಳಿದೆ. ಸೈಕಲ್ಲು ಇರಲಿ, ಒಳಗಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಗ್ಲೌಸು ಕಟ್ಟಿಕೊಳ್ಳಿ, ಯಾರ ಕಣ್ಣಿಗೂ ಬೀಳುವುದಿಲ್ಲ. ಕೈ ಆಕೆಯದು, ಹಸು ಆಕೆಯದು.

ಜಯಮ್ಮ ಅಣ್ಣನ ಮುಖ ನೋಡಿದರು. ಆಮೇಲೆ ಎಡಗೈಯಿಂದ ಬಲಗೈಯನ್ನು ಎತ್ತಿ ಸೈಕಲ್ಲಿನ ಹಿಡಿಯ ಮೇಲೆ ಇಟ್ಟುಕೊಂಡರು.

'ಬ್ಯಾಡ ಕಣವ್ವ. ನಮ್ಮಣ್ಣ ಹೋಟ್ಲು ಸೂರಿಗೆ ಸೀಟು ಹಾಕ್ಸೋದ ಬುಟ್ಟು ಇದ ತಂದವ್ನೆ. ಮಳೆ ಬಂದ್ರೆ ಅಲ್ಲಿ ಸೋರ್ತದೆ. ಇದ ತುಳೀತೀನಿ ಬುಡು.'

ನನಗೂ ಒಬ್ಬ ಅಣ್ಣ ಇದ್ದಾನೆ. ಅವನು ಗೌರಿ ಹಬ್ಬಕ್ಕೆ ತರುವ ಸೀರೆಯ ಬಣ್ಣ ನನಗೆ ಹಿಡಿಸುವುದಿಲ್ಲ. ಆದರೂ ಎಲ್ಲಕ್ಕಿಂತ ಮೊದಲು ಅದನ್ನೇ ಉಡುತ್ತೇನೆ. ಓದಿದ್ದೆಲ್ಲ ಆ ಪಡಸಾಲೆಯಲ್ಲಿ ಕೆಲಸಕ್ಕೆ ಬರಲಿಲ್ಲ. ಕಾಫಿ ಕುಡಿದು, ಮಾದೇವನ ಬೈಕು ಹತ್ತಿ ಬಂದೆ.

ಆಮೇಲೆ ಎರಡು ಸಲ ಹೋದೆ. ನೋಡಲು ಬಂದವರಿಗೆಲ್ಲ ಸೈಕಲ್ಲು ತೋರಿಸುವುದು ನಡೆದಿತ್ತು. ಜಯಮ್ಮ ಕೂತಿರುತ್ತಿದ್ದರು, ಮೋಟಾರು ಗುಂಯ್‌ಗುಡುತ್ತಿತ್ತು, ಬಂದವರು 'ಅಣ್ಣ ಅಂದ್ರೆ ಇಂಗಿರ್ಬೇಕು' ಅನ್ನುತ್ತಿದ್ದರು. ಬೆರಳುಗಳು ದಿನದಿಂದ ದಿನಕ್ಕೆ ಒಳಕ್ಕೆ ಮಡಿಚಿಕೊಳ್ಳುತ್ತಿದ್ದವು. ಕಡಲೆಕಾಯಿ ಕೊಟ್ಟು ಹಿಡಿಯಿರಿ ಎಂದರೆ, 'ಕಾಲು ಸರಿಯಾಗ್ಲಿ ಇರವ್ವ, ಆಮೇಲೆ ಕೈ ನೋಡ್ಕಳವಾ' ಅಂದರು. ಮೂರನೆಯ ಸಲ ಹೋಗುವ ಮೊದಲು ಸವಿತ ಫೋನ್ ಮಾಡಿ, ಇನ್ನು ಬರುವುದು ಬೇಡ, ತೊಂದರೆ ಯಾಕೆ ಅಂದಳು. ಮನೆಯವರು ಬೇಡ ಎಂದ ಮೇಲೆ ನಮ್ಮ ವೃತ್ತಿಯಲ್ಲಿ ಹೊಸಿಲು ದಾಟುವಂತಿಲ್ಲ. ಎಷ್ಟೋ ಭಾನುವಾರ ಬೆಳಿಗ್ಗೆ ಎದ್ದು ಬಸ್ಸಿನ ಹೊತ್ತಿಗೆ ಸುಮ್ಮನೆ ಗಡಿಯಾರ ನೋಡುತ್ತ ಕೂತಿದ್ದೇನೆ.

ಸುಮಾರು ಒಂದು ವರ್ಷದ ಮೇಲೆ ನಂಜೇಗೌಡರು ನನ್ನ ಕ್ಲಿನಿಕ್ಕಿಗೆ ಬಂದರು. ತಮಗೇನೋ ನೋವಿರಬೇಕು ಅಂದುಕೊಂಡೆ. ಅವರು ಬೆಂಚಿನ ತುದಿಯಲ್ಲಿ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

'ಕಾಲಿಗೆ ಮಿಷನ್ ತಂದ್ನಲ್ಲ ಮೇಡಂ, ಕಾಲು ಪರ್ವಾಗಿಲ್ಲ, ಓಡಾಡ್ತಾವ್ಳೆ. ಕೈ ಮುಚ್ಕೊಂಡೋಗದೆ. ಕೈಗೂ ಒಂದು ಮಿಷನ್ ಸಿಕ್ಕುತ್ತಾ? ಎಷ್ಟಾದ್ರೂ ಆಗ್ಲಿ, ದುಡ್ಡು ಎಂಗೋ ಒಂದ್ಸೋಣ.'

ಆ ಮನುಷ್ಯನ ಮೇಲೆ ಒಂದು ವರ್ಷ ಇಟ್ಟುಕೊಂಡಿದ್ದ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಎದ್ದು ಹೋಗಿ ಒಂದು ಗ್ಲೌಸಿಗೆ ನೀರು ತುಂಬಿದೆ, ಬಾಯಿ ಕಟ್ಟಿ ಚುಚ್ಚಿದೆ, ಬಕೆಟ್ಟಿನ ಮೇಲೆ ಹಿಡಿದೆ. ನೀವೇ ಕರೆದು ನೋಡಿ ಅಂದೆ. ಅವರು ಮೊದಲು ಬಾಗಿಲ ಕಡೆ ತಿರುಗಿ ನೋಡಿದರು, ಯಾರೂ ಇರಲಿಲ್ಲ. ಹೋಟೆಲ್ ಇಡುವ ಮೊದಲು ದನ ಕಟ್ಟಿದ ಕೈ ಅದು. ಹೆಬ್ಬೆರಳು ಮಡಿಸಿ ಎಳೆದದ್ದೇ ಧಾರೆ ಸೊರ್ರೆಂದು ಬಿತ್ತು. ಅವರು ಎಳೆಯುತ್ತಲೇ ಹೋದರು. ನೀರೆಲ್ಲ ಮುಗಿದು ಗ್ಲೌಸು ಜೋತುಬಿದ್ದ ಮೇಲೂ ಬಿಡಲಿಲ್ಲ.

'ಇದ್ರಲ್ಲಿ ಬಂದ್ಬುಡ್ತಿತ್ತಾ ಮೇಡಂ, ಕೈ?'

ಬರುತ್ತಿತ್ತು ಎನ್ನಲು ನನಗೆ ಪುರಾವೆ ಇಲ್ಲ. ಬರುತ್ತಿರಲಿಲ್ಲ ಎನ್ನಲು ಮನಸ್ಸು ಒಪ್ಪಲಿಲ್ಲ. 'ಈಗಲೂ ಮಾಡಿಸಿ ಗೌಡ್ರೇ, ಬೆರಳು ಸ್ವಲ್ಪ ಸಡಿಲವಾದರೂ ಆಗುತ್ತೆ. ನೀವೇ ನಿಮ್ಮ ಕೈಯಾರೆ ಕಟ್ಟಿಕೊಡಿ, ಆಗ ಮಾಡ್ತಾರೆ' ಎಂದಷ್ಟೇ ಹೇಳಿದೆ. ಅವರು ಇನ್ನೆರಡು ಗ್ಲೌಸು ಕೇಳಿ ಪಡೆದು, ಮಡಿಸಿ ಜೇಬಿಗಿಟ್ಟುಕೊಂಡು ಕಿಕ್ಕೇರಿ ಬಸ್ಸಿಗೆ ಹೋದರು.

ಈಗ ಕ್ಲಿನಿಕ್ ಮುಚ್ಚಿದ್ದೇನೆ. ಆದರೂ ಮನೆಗೆ ಏನು ಸಾಮಾನು ತರುವುದೆಂದು ಕೇಳಿಕೊಂಡು ಜನ ಪಾಂಡವಪುರದವರೆಗೂ ಬರುತ್ತಾರೆ. ಯಾವ ಕೆಲಸ ಬೇಕು ಎಂದು ಈಗಲೂ ಕೇಳುತ್ತೇನೆ. ಆದರೆ ಅದಕ್ಕೂ ಮೊದಲು, ಇವರಿಗೆ ಕೊಡಿಸಬೇಕೆಂಬ ಆಸೆ ಯಾರಿಗಿದೆ, ಅವರನ್ನು ಕರೆದುಕೊಂಡು ಬನ್ನಿ ಅನ್ನುತ್ತೇನೆ. ಅಣ್ಣನೋ ಅಳಿಯನೋ ಬಂದು ಕೂತ ಮೇಲೆಯೇ ಗ್ಲೌಸು ತೆಗೆಯುತ್ತೇನೆ, ಅವರ ಕೈಯಲ್ಲೇ ನೀರು ತುಂಬಿಸುತ್ತೇನೆ. ಮನೆಯೊಳಗೆ ಬರುವ ಯಾವ ಸಾಮಾನೂ ಬರೀ ಸಾಮಾನಲ್ಲ, ಯಾರದೋ ಪ್ರೀತಿಯ ಕೈಯಿಂದ ಬರಬೇಕು ಎನ್ನುವುದು ನನಗೆ ಈ ವೃತ್ತಿ ಕಲಿಸಿದ ಪಾಠ. ಜಯಮ್ಮನ ಮನೆಯಲ್ಲಿ ಮಾತ್ರ ಆ ಪಾಠದಿಂದ ಪ್ರಯೋಜನವಾಗಲಿಲ್ಲ. ನಂಜೇಗೌಡರು ಕೊಟ್ಟಿಗೆಯ ಗೂಟಕ್ಕೆ ತಾವೇ ಗ್ಲೌಸು ಕಟ್ಟಿ ತಂಗಿಯನ್ನು ಮಣೆಯ ಮೇಲೆ ಕೂರಿಸಿದರಂತೆ. ಜಯಮ್ಮ ಗೂಟ ನೋಡಿ, 'ಇನ್ಯಾರಿಗಣ್ಣ ಇದು' ಅಂದರಂತೆ. ಕೆಂಪಿಯನ್ನು ಅದಕ್ಕೂ ಮೊದಲೇ ಮಾರಿದ್ದರು.